ಕೊನೆಯ ಬಿಗಿ ನೆಲದ ಮೇಲೆ

ವರ್ತೂರು ಕೋಡಿಯಿಂದ ಹೋಪ್ ಫಾರ್ಮ್ ಕಡೆಗೆ ದಿನಾ ಗಾಡಿ ಓಡಿಸುವ ಕ್ಯಾಬ್ ಚಾಲಕರಿಗೆ ಒಂದು ಶಬ್ದ ಚೆನ್ನಾಗಿ ಗೊತ್ತು. ಸಿಗ್ನಲ್ ಬಂತೆಂದು ಬ್ರೇಕ್ ಒತ್ತಿದ ಕೂಡಲೇ ಮುಂದಿನ ಚಕ್ರದ ಬಳಿ ‘ಟಕ್’. ಬ್ರೇಕ್ ಬಿಟ್ಟು ಗಾಡಿ ಮುಂದೆ ಸರಿಯುವಾಗ ಇನ್ನೊಂದು ‘ಟಕ್’. ಹಿಂದಿನ ಸೀಟಿನಲ್ಲಿ ಫೋನು ಹಿಡಿದು ಕೂತವರಿಗೆ ಅದು ಕೇಳಿಸುವುದೇ ಇಲ್ಲ. ಚಾಲಕನಿಗೆ ಮಾತ್ರ ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ಗ್ಯಾರೇಜಿಗೆ ಬಂದಾಗ ಮಾತು ಹೀಗೆ ನಡೆಯುತ್ತದೆ:

“ಅಣ್ಣಾ, ಮುಂದುಗಡೆ ಎಡಕ್ಕೆ ಶಬ್ದ ಬರ್ತಿದೆ, ಸ್ವಲ್ಪ ನೋಡಿ.”

“ಯಾವಾಗ ಬರುತ್ತೆ? ಹಂಪ್ ಹತ್ತಿದಾಗ್ಲೋ, ಬ್ರೇಕ್ ಹಿಡಿದಾಗ್ಲೋ?”

“ಬ್ರೇಕ್ ಹಿಡಿದಾಗ.”

“ರಿವರ್ಸಲ್ಲಿ ಹಿಡಿದ್ರೂ ಬರುತ್ತಾ?”

“ಬರುತ್ತೆ.”

“ಹಂಗಾದ್ರೆ ಲೋವರ್ ಆರ್ಮ್ ಬುಷ್ ಇರ್ಬೇಕು. ಮೇಲೆತ್ತಿ ನೋಡಣ.”

ಒಳ್ಳೆಯ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತಾನೆ. ಸಣ್ಣ ಸಣ್ಣ ಗುಂಡಿಗಳ ಮೇಲೆ ಲಟಲಟ ಅಂದರೆ ಅವನ ಅನುಮಾನ ಲಿಂಕ್ ರಾಡ್ ಮೇಲೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಟಕಟ ಅಂದರೆ ಶಾಕ್ ಅಬ್ಸಾರ್ಬರಿನ ಮೇಲ್ಗಡೆಯ ಮೌಂಟ್ ಮೇಲೆ. ಬ್ರೇಕ್ ಹಿಡಿದಾಗ, ಬಿಟ್ಟಾಗ ಮಾತ್ರ ಬರುವ ಒಂಟಿ ಶಬ್ದ ಬುಷ್‌ನದು. ಕಾರಣ ಸರಳ. ಬ್ರೇಕ್ ಹಿಡಿದರೆ ಟೈರನ್ನು ರಸ್ತೆ ಹಿಂದಕ್ಕೆ ಎಳೆಯುತ್ತದೆ, ಗಾಡಿ ತನ್ನ ಓಟದಲ್ಲಿ ಮುಂದಕ್ಕೆ ನುಗ್ಗುತ್ತದೆ. ಈ ಎಳೆದಾಟವನ್ನು ತಡೆಯುವುದು ಲೋವರ್ ಆರ್ಮು. ಅದರ ರಬ್ಬರು ಹರಿದಿದ್ದರೆ ಆರ್ಮು ಒಂದೆರಡು ಮಿಲಿಮೀಟರ್ ಸರಿದು ಕಬ್ಬಿಣಕ್ಕೆ ಬಡಿಯುತ್ತದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತ ಓಡುವ ಕಾರುಗಳಲ್ಲಿ ಬಹುಪಾಲಿನ ಮುಂದಿನ ಜೋಡಣೆ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು. 1950ರ ಫೋರ್ಡ್ ಕಾನ್ಸಲ್ ಕಾರಿನ ಮೂಲಕ ಜನಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ ಮೇಲಿನ ಕೆಲಸವನ್ನು ಶಾಕ್ ಅಬ್ಸಾರ್ಬರಿನ ಕಂಬವೇ ನೋಡಿಕೊಳ್ಳುತ್ತದೆ. ಕೆಳಗೆ ಒಂದೇ ಆರ್ಮು. ಅದರ ಒಂದು ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರಕ್ಕೆ, ಇನ್ನೊಂದು ಬದಿ ಎರಡು ಬುಷ್‌ಗಳ ಮೂಲಕ ಗಾಡಿಯ ಅಡಿಗೆ. ಬಿಡದಿಯಲ್ಲಿ ತಯಾರಾಗಿ 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಎಟಿಯೋಸ್‌ಗೂ ಹೀಗೆಯೇ, ಡಿಸೈರ್‌ಗೂ ಹೀಗೆಯೇ. ಅದೇ ಬಿಡದಿಯ ಹಳೆಯ ಮಾದರಿಯ ಇನ್ನೋವಾಕ್ಕೆ ಮಾತ್ರ ಮುಂದೆ ಮೇಲೊಂದು ಕೆಳಗೊಂದು ಆರ್ಮು, ಹಾಗಾಗಿ ಬುಷ್‌ಗಳೂ ಹೆಚ್ಚು.

ಬುಷ್ ಅಂದರೆ ನೋಡಲು ಏನೂ ಇಲ್ಲ: ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಉಕ್ಕಿನ ಕೊಳವೆ, ನಡುವೆ ಕಪ್ಪು ರಬ್ಬರು. ಹೊರಗಿನದು ಆರ್ಮಿನ ಕಣ್ಣಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಳಗಿನದನ್ನು ಬೋಲ್ಟು ಬಿಗಿದು ಗಾಡಿಯ ಅಡಿಗೆ ಅಲುಗದಂತೆ ಹಿಡಿಸಿರುತ್ತಾರೆ. ಎರಡೂ ಅಲುಗುವುದಿಲ್ಲ, ಆದರೂ ಆರ್ಮು ಮೇಲೆ ಕೆಳಗೆ ಆಡಬೇಕು. ಆ ಆಟವೆಲ್ಲ ರಬ್ಬರಿನ ಮೈಯೊಳಗೇ ನಡೆಯುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವಾಗ ಹೇಗೆ ತಿರುಚಿಕೊಳ್ಳುತ್ತದೋ ಹಾಗೆ ರಬ್ಬರು ತಿರುಚಿಕೊಂಡು, ಬಿಟ್ಟಾಗ ತನ್ನ ಸ್ಥಾನಕ್ಕೆ ಮರಳುತ್ತದೆ. ಎಲ್ಲೂ ಉಜ್ಜುವುದಿಲ್ಲ, ಎಲ್ಲೂ ಜಾರುವುದಿಲ್ಲ, ಹಾಗಾಗಿ ಗ್ರೀಸೂ ಬೇಡ. ಅಂಬಾಸಿಡರ್ ಇಟ್ಟುಕೊಂಡಿದ್ದವರಿಗೆ ಈ ‘ಗ್ರೀಸು ಬೇಡ’ ಎಂಬುದರ ಬೆಲೆ ಗೊತ್ತು. ಅದರ ಮುಂಭಾಗದ ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಹಚ್ಚಿ ಒತ್ತಿಸುವುದು ಸರ್ವಿಸಿನ ದೊಡ್ಡ ಭಾಗವೇ ಆಗಿತ್ತು.

ರಬ್ಬರು ಉಕ್ಕಿಗೆ ಅಂಟಿಕೊಳ್ಳುವ ಬಗೆಯನ್ನು ತಿಳಿದರೆ ಈ ಸಣ್ಣ ವಸ್ತುವಿನ ಮೇಲೆ ಗೌರವ ಹುಟ್ಟುತ್ತದೆ. ಪೀಣ್ಯದ ಎರಡನೇ ಹಂತದ ಓಣಿಗಳಲ್ಲಿ ಹೊರಗಿನಿಂದ ಬರೀ ಶೀಟಿನ ಶೆಡ್ಡಿನಂತೆ ಕಾಣುವ ರಬ್ಬರ್ ಮೋಲ್ಡಿಂಗ್ ಘಟಕಗಳಿವೆ. ಹತ್ತಿರ ಹೋದರೆ ಗಂಧಕ ಬೆರೆತ ಬಿಸಿ ರಬ್ಬರಿನ ವಾಸನೆ. ಉಕ್ಕಿಗೆ ರಬ್ಬರು ಹಿಡಿಸುವ ಇಂಥ ಕೆಲಸದಲ್ಲಿ ಮೊದಲು ಕೊಳವೆಗಳ ಮೇಲ್ಮೈಯನ್ನು ಬ್ಲಾಸ್ಟಿಂಗ್ ಮಾಡಿ ಒರಟಾಗಿಸುತ್ತಾರೆ, ಫಾಸ್ಫೇಟ್ ಲೇಪ ಕೊಡುತ್ತಾರೆ, ಮೇಲೆ ಅಂಟಿನ ಎರಡು ಪದರ ಹಚ್ಚುತ್ತಾರೆ. ಆಮೇಲೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡು ಸಾಕು ಅಂಟು ಕೆಡಲು. ಅಚ್ಚಿನಲ್ಲಿಟ್ಟು ಸುಮಾರು 150 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ರಬ್ಬರನ್ನು ಒತ್ತಿದಾಗ, 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಅದೇ ಗಂಧಕದ ಕ್ರಿಯೆ ನಡೆದು ರಬ್ಬರು ಗಟ್ಟಿಯಾಗುತ್ತದೆ, ಜೊತೆಜೊತೆಗೇ ಉಕ್ಕನ್ನೂ ಹಿಡಿದುಕೊಳ್ಳುತ್ತದೆ. ಇಲ್ಲಿಗೆ ಮುಗಿಯಲಿಲ್ಲ. ಆರುವಾಗ ರಬ್ಬರು ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ, ಒಳಗೊಳಗೇ ಅಂಟನ್ನು ಎಳೆಯತೊಡಗುತ್ತದೆ. ಅದಕ್ಕೇ ಹೊರಕೊಳವೆಯನ್ನು ಸುತ್ತಲಿಂದ ಒತ್ತಿ ಅದರ ಅಳತೆಯನ್ನೇ ಸ್ವಲ್ಪ ಇಳಿಸುತ್ತಾರೆ. ಎಳೆತ ಹೋಗಿ ರಬ್ಬರು ಒತ್ತಡದಲ್ಲಿ ನಿಲ್ಲುತ್ತದೆ. ಬುಷ್‌ನ ಆಯುಷ್ಯ ಹೆಚ್ಚುವುದು ಈ ಒಂದು ಒತ್ತಿನಿಂದ.

ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಇಳಿಸುವಂಥ ನೈಸರ್ಗಿಕ ರಬ್ಬರಿಗೆ ಈ ಕೆಲಸದಲ್ಲಿ ಇಂದಿಗೂ ಬೇಡಿಕೆ ತಗ್ಗಿಲ್ಲ. ಮತ್ತೆ ಮತ್ತೆ ತಿರುಚಿದರೂ ಹರಿಯದ ಗುಣ ಅದಕ್ಕಿದೆ. ಅದರ ಶತ್ರುಗಳು ಎರಡು: ಗಾಳಿಯ ಓಝೋನ್ ಮತ್ತು ಎಂಜಿನ್ ಎಣ್ಣೆ. ಎಂಜಿನ್ನಿನಿಂದ ಎಣ್ಣೆ ಸೋರಿ ಬುಷ್ ಮೇಲೆ ತೊಟ್ಟಿಕ್ಕುತ್ತಿದ್ದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ; ಮೊದಲು ಸೋರಿಕೆ ನಿಲ್ಲಿಸದೆ ಹೊಸ ಬುಷ್ ಹಾಕಿ ಉಪಯೋಗವಿಲ್ಲ. ರಸ್ತೆಯ ಪಾಲೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿ ಹೇಳಿದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ನಿಧಾನವಾಗಿ ಏರಿ ಇಳಿಯುವಂಥದ್ದು. ನಮ್ಮ ಬಡಾವಣೆಗಳ ಒಳರಸ್ತೆಯಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪ್‌ಗಳಿಗೂ ಆ ಅಳತೆಗೂ ಸಂಬಂಧವಿಲ್ಲ. ಅವುಗಳ ಏಟು ತಿನ್ನುವುದು ಈ ರಬ್ಬರು.

ಇನ್ನು ಬದಲಿಸುವ ಕೆಲಸ. ಗಾಡಿ ಎತ್ತಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ ಆರ್ಮು ಇಳಿಸುವುದರಲ್ಲಿ ದೊಡ್ಡ ವಿಶೇಷವಿಲ್ಲ. ತುಕ್ಕು ಹಿಡಿದ ಬೋಲ್ಟಿನ ಜೊತೆ ತಾಳ್ಮೆ ಬೇಕು ಅಷ್ಟೆ. ಕುಶಲತೆ ಶುರುವಾಗುವುದು ಪ್ರೆಸ್ ಮುಂದೆ. ಒತ್ತುವ ಮೊದಲು ಮೇಸ್ತ್ರಿ ಹಳೆಯ ಬುಷ್ ಯಾವ ದಿಕ್ಕಿಗೆ ಕೂತಿದೆ, ಎಷ್ಟು ಹೊರಗೆ ಚಾಚಿದೆ ಎಂದು ನೋಡಿ ಆರ್ಮಿನ ಮೇಲೆ ಸೆಂಟರ್ ಪಂಚಿನಿಂದ ಗುರುತು ಹಾಕುತ್ತಾನೆ. ಆರ್ಮಿನ ಹಿಂಬದಿಯ ದೊಡ್ಡ ಬುಷ್‌ನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸಂದುಗಳಿರುತ್ತವೆ. ಆ ದಿಕ್ಕಿಗೆ ಬುಷ್ ಮೆತ್ತಗೆ, ಅದಕ್ಕೆ ಅಡ್ಡವಾಗಿ ಗಟ್ಟಿ. ಗುಂಡಿಯ ಏಟನ್ನು ನುಂಗಬೇಕು, ತಿರುವಿನಲ್ಲಿ ಚಕ್ರವನ್ನು ಬಿಗಿಯಾಗಿ ಹಿಡಿಯಬೇಕು ಎಂಬ ಎರಡು ಬೇಡಿಕೆಗೂ ಒಂದೇ ರಬ್ಬರಿನ ತುಂಡು ಉತ್ತರ ಕೊಡುವುದು ಹೀಗೆ. ದಿಕ್ಕು ತಪ್ಪಿಸಿ ಕೂರಿಸಿದರೆ ಎರಡೂ ಕೆಡುತ್ತವೆ.

ಬುಷ್ ಹೊರಗೆ ತಳ್ಳಲು ಕೆಳಗೊಂದು ಕಪ್ ಬೇಕು, ಮೇಲೊಂದು ತಳ್ಳುಗಟ್ಟಿ. ಕಪ್ಪಿನ ಒಳಗಾತ್ರ ಬುಷ್‌ಗಿಂತ ಚೂರು ದೊಡ್ಡದು, ತಳ್ಳುಗಟ್ಟಿಯ ಹೊರಗಾತ್ರ ಚೂರು ಚಿಕ್ಕದು. ಪೀಣ್ಯದ ಮೇಸ್ತ್ರಿಗಳ ಭಾಗ್ಯ ಇಲ್ಲಿದೆ. ಪಕ್ಕದ ಬೀದಿಯ ಲೇತ್ ಶಾಪಿನಲ್ಲಿ ಹಳೆಯ ದಪ್ಪ ಪೈಪಿನ ತುಂಡು ಕೊಟ್ಟರೆ ಬೇಕಾದ ಅಳತೆಗೆ ಟರ್ನ್ ಮಾಡಿಕೊಡುತ್ತಾರೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಂ, ಪೀಣ್ಯದಲ್ಲೇ ಇರುವ ಎನ್‌ಟಿಟಿಎಫ್‌ನಂಥ ತರಬೇತಿ ಸಂಸ್ಥೆಗಳಲ್ಲಿ ತಯಾರಾದ ಹುಡುಗರಿಂದ ಈ ಪ್ರದೇಶದಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಬೆಳೆದಿದೆ. ವೈಟ್‌ಫೀಲ್ಡ್ ಕಡೆಯ ಸಣ್ಣ ಗ್ಯಾರೇಜುಗಳಲ್ಲಿ ಪ್ರೆಸ್ ಇಲ್ಲದಿದ್ದರೆ ಆರ್ಮನ್ನು ಬೈಕಿನ ಹಿಂದೆ ಕಟ್ಟಿಕೊಂಡು ಲೇತ್ ಶಾಪಿಗೆ ಹೋಗಿ ಒತ್ತಿಸಿಕೊಂಡು ಬರುತ್ತಾರೆ. ಅದು ಸರಿಯಾದ ದಾರಿ. ಗ್ಯಾಸ್ ಕಟರಿನಿಂದ ರಬ್ಬರು ಸುಟ್ಟು ತೆಗೆಯುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ಆ ಹೊಗೆ ಕೆಟ್ಟದ್ದು, ಆ ಶಾಖಕ್ಕೆ ಆರ್ಮಿನ ಉಕ್ಕಿನ ಹದವೂ ಹೋಗಬಹುದು.

ಹೊರಬಂದ ಹಳೆಯ ಬುಷ್ ಕೈಯಲ್ಲಿ ಹಿಡಿದು ನೋಡುವಂಥದ್ದು. ಒಳಕೊಳವೆ ನಡುವಿನಿಂದ ಒಂದು ಬದಿಗೆ ವಾಲಿರುತ್ತದೆ. ಹರಿದ ಜಾಗದಲ್ಲಿ ಉಕ್ಕಿನ ಮೇಲೆ ರಬ್ಬರಿನ ಚೂರುಗಳು ಉಳಿದಿದ್ದರೆ ಅದು ತನ್ನ ಕೆಲಸ ಮಾಡಿ, ದಣಿದು ಹರಿದ ಬುಷ್: ಅಂಟು ಕೊನೆಯವರೆಗೂ ಬಿಟ್ಟಿಲ್ಲ. ಉಕ್ಕಿನ ಮೇಲೆ ಒಂದು ಚೂರೂ ಉಳಿಯದೆ ರಬ್ಬರು ನುಣ್ಣಗೆ ಬಿಚ್ಚಿಕೊಂಡಿದ್ದರೆ ತಯಾರಿಕೆಯಲ್ಲೇ ಅಂಟು ಸರಿಯಾಗಿ ಹಿಡಿದಿರಲಿಲ್ಲ ಎಂಬ ಅನುಮಾನ ನ್ಯಾಯವಾದದ್ದು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅಸಲಿ ಮಾಲಿನ ಜೊತೆ ನಕಲಿಯೂ ಸಿಗುವ ಕಾಲದಲ್ಲಿ ಈ ಪರೀಕ್ಷೆ ತಿಳಿದಿರಬೇಕು.

ಹೊಸದನ್ನು ಒತ್ತುವಾಗ ಆರ್ಮಿನ ಕಣ್ಣನ್ನು ಎಮರಿ ಕಾಗದದಿಂದ ಉಜ್ಜಿ, ಸೋಪಿನ ನೀರು ಹಚ್ಚುತ್ತಾರೆ. ಎಣ್ಣೆ, ಗ್ರೀಸ್ ಬೇಡ. ಸೋಪಿನ ನೀರು ಜಾರಿಸಿ ಆಮೇಲೆ ಒಣಗಿಹೋಗುತ್ತದೆ. ಒತ್ತಡ ಬೀಳಬೇಕಾದ್ದು ಹೊರಕೊಳವೆಯ ಅಂಚಿನ ಮೇಲೆ ಮಾತ್ರ. ಒಳಕೊಳವೆಯ ಮೇಲೆ ಒತ್ತಿದರೆ, ಸುತ್ತಿಗೆಯಿಂದ ಹೊಡೆದರೆ, ಹೊಸ ರಬ್ಬರು ಗಾಡಿಗೆ ಏರುವ ಮೊದಲೇ ಅಂಟು ಬಿಡುತ್ತದೆ. ಮೊದಲ ಕೆಲವು ಮಿಲಿಮೀಟರ್ ನೆಟ್ಟಗೆ ಹೋಯಿತೇ ಎಂದು ಮೇಸ್ತ್ರಿ ಬಗ್ಗಿ ಎರಡು ಕಡೆಯಿಂದ ನೋಡುತ್ತಾನೆ. ಓರೆಯಾದರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆಯುತ್ತಾನೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕೆಲಸ ಕೆಡುವ ಒಂದು ಜಾಗ ಉಳಿದಿದೆ. ನನ್ನ ಮಟ್ಟಿಗೆ ಮೇಸ್ತ್ರಿಯ ತಿಳಿವಳಿಕೆಯ ಅಳತೆ ಅದೇ. ಗಾಡಿ ಮೇಲೆತ್ತಿರುವಾಗ ಚಕ್ರ ಕೆಳಗೆ ಜೋತಿರುತ್ತದೆ, ಆರ್ಮೂ ಜೋತಿರುತ್ತದೆ. ಕೈಗೆ ಸಿಗುತ್ತದೆ, ಜಾಗ ಇದೆ ಎಂದು ಆಗಲೇ ಬೋಲ್ಟು ಪೂರ್ತಿ ಬಿಗಿದರೆ ಒಳಕೊಳವೆ ಆ ಜೋತ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಗಾಡಿ ಇಳಿಸಿದಾಗ ಆರ್ಮು ಮೇಲೇಳುತ್ತದೆ. ಅದು 15 ಡಿಗ್ರಿ ಎದ್ದಿತು ಅಂದುಕೊಳ್ಳಿ. ಗಾಡಿ ಸುಮ್ಮನೆ ನಿಂತಿದ್ದಾಗಲೂ ರಬ್ಬರು 15 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಹಂಪ್ ಬಂದಾಗ ಅದರ ಮೇಲೆ ಇನ್ನಷ್ಟು. ವರ್ಷಗಟ್ಟಲೆ ಬರಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಹರಿದು, ‘ಪಾರ್ಟ್ ಸರಿ ಇರಲಿಲ್ಲ’ ಎಂಬ ಮಾತು ಹುಟ್ಟುವುದು ಎಷ್ಟೋ ಸಲ ಹೀಗೆ.

ಬಲ್ಲವರು ಬೋಲ್ಟುಗಳನ್ನು ಮೊದಲು ಬರೀ ಕೂರುವಷ್ಟು ತಿರುಗಿಸಿ ಬಿಡುತ್ತಾರೆ. ಚಕ್ರ ಹಾಕಿ, ಗಾಡಿ ಇಳಿಸಿ, ಬಾನೆಟ್ ಬದಿ ಹಿಡಿದು ನಾಲ್ಕಾರು ಸಲ ಕುಲುಕಿಸಿ, ಮುಂದೆ ಹಿಂದೆ ಸರಿಸಿ, ಭಾರ ತನ್ನ ಪಾಡಿಗೆ ಕೂತ ಮೇಲೆ ಪಿಟ್‌ಗೆ ಇಳಿದು ಟಾರ್ಕ್ ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟು ಬಿಗಿಯುತ್ತಾರೆ. ಪಿಟ್ ಇಲ್ಲದ ಕಡೆ ಬಾಲ್ ಜಾಯಿಂಟ್ ಅಡಿ ಇನ್ನೊಂದು ಜಾಕ್ ಕೊಟ್ಟು, ಗಾಡಿ ಸ್ಟ್ಯಾಂಡಿನಿಂದ ಆಗಷ್ಟೇ ಏಳತೊಡಗುವವರೆಗೆ ಎತ್ತಿ, ಆ ಭಂಗಿಯಲ್ಲಿ ಬಿಗಿಯುತ್ತಾರೆ. ಬೋಲ್ಟು ಅಡ್ಡ ಮಲಗಿರುವ ಬುಷ್‌ಗೆ ಇದು ಕಟ್ಟುನಿಟ್ಟು. ಕೆಲವು ಗಾಡಿಗಳಲ್ಲಿ ಹಿಂದಿನ ಬುಷ್‌ನ ಬೋಲ್ಟು ನೆಟ್ಟಗೆ ನಿಂತಿರುತ್ತದೆ. ಅಲ್ಲಿ ಸಂದಿನ ದಿಕ್ಕೇ ಹೆಚ್ಚು ಮುಖ್ಯ. ಎರಡರ ವ್ಯತ್ಯಾಸ ತಿಳಿದು ಎಲ್ಲಿ ಯಾವುದಕ್ಕೆ ಕಣ್ಣು ಕೊಡಬೇಕೆಂದು ಬಲ್ಲ ಕೈಗೆ ನಾನು ತಲೆಬಾಗುತ್ತೇನೆ.

ಬುಷ್ ಬದಲು ಇಡೀ ಆರ್ಮನ್ನೇ ಬದಲಿಸಿ ಎನ್ನುವುದು ಈಗ ರೂಢಿ. ಬಾಲ್ ಜಾಯಿಂಟೂ ಸಡಿಲಾಗಿದ್ದು, ಅದು ಆರ್ಮಿನಿಂದ ಬಿಚ್ಚಿ ಬರದ ಮಾದರಿಯಾಗಿದ್ದರೆ ಅದೇ ಸರಿ. ಬಾಲ್ ಜಾಯಿಂಟ್ ಗಟ್ಟಿಯಿದ್ದು ಆರ್ಮು ಬಗ್ಗಿಲ್ಲದಿದ್ದರೆ ಒಳ್ಳೆಯ ಉಕ್ಕನ್ನು ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಪಾಲಿಯುರಿಥೇನ್ ಬುಷ್‌ಗಳೂ ಬಂದಿವೆ. ಅವು ತಿರುಚಿಕೊಳ್ಳುವ ಬದಲು ಜಾರುವಂಥವು, ಗ್ರೀಸು ಬೇಡುತ್ತವೆ, ರಸ್ತೆಯ ಏಟನ್ನು ಒಳಕ್ಕೆ ದಾಟಿಸುತ್ತವೆ. ಮನೆಮಂದಿ ಕೂತು ಹೊಸೂರು ರಸ್ತೆಯಲ್ಲಿ ಓಡಾಡುವ ಕಾರಿಗೆ ರಬ್ಬರೇ ತಕ್ಕದ್ದು.

ಎರಡೂ ಬದಿ ಒಟ್ಟಿಗೆ ಮಾಡಿಸಬೇಕು. ಒಂದು ಕಡೆ ಹೊಸ ಬಿಗಿ, ಇನ್ನೊಂದು ಕಡೆ ಹಳೆಯ ಸಡಿಲವಾದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಅಂದೇ ವೀಲ್ ಅಲೈನ್‌ಮೆಂಟ್ ಆಗಬೇಕು. ಪರದೆಯ ಮೇಲೆ ಎಲ್ಲರೂ ನೋಡುವುದು ಟೋ ಅಂಕಿ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಯಾಕೆಂದರೆ ಸಾಮಾನ್ಯ ಕಾರುಗಳಲ್ಲಿ ತಿರುಗಿಸಿ ಸರಿಮಾಡಲು ಬರುವುದು ಅದೊಂದೇ. ಪಕ್ಕದಲ್ಲಿ ಕ್ಯಾಸ್ಟರ್ ಎಂಬ ಸಾಲೂ ಇರುತ್ತದೆ, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಎಡ ಬಲದ ಕ್ಯಾಸ್ಟರ್ ಅಂಕಿಗಳಲ್ಲಿ ಎದ್ದು ಕಾಣುವ ಅಂತರವಿದ್ದರೆ ಒಂದು ಬುಷ್ ಪೂರ್ತಿ ಕೂತಿಲ್ಲ ಅಥವಾ ಆರ್ಮು ಬಗ್ಗಿದೆ ಎಂದು ಸಂಶಯಪಟ್ಟು, ಗಾಡಿಯನ್ನು ಗಿರಾಕಿಗೆ ಕೊಡುವ ಮೊದಲು ಮೇಸ್ತ್ರಿ ಮತ್ತೊಮ್ಮೆ ಅಡಿಗೆ ಇಳಿದು ನೋಡುತ್ತಾನೆ.