ಹತ್ತಿರ ಬಂದ ಕಾಲೇಜು, ದೂರ ಸರಿದ ಪರೀಕ್ಷೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪ್ರೌಢಶಾಲೆಯಲ್ಲಿ ಓದುವ ವಿದ್ಯಾರ್ಥಿ ಎಂಜಿನಿಯರಿಂಗ್, ವೈದ್ಯಕೀಯ ಅಥವಾ ಕೃಷಿ ಕಾಲೇಜಿನ ಮೆಟ್ಟಿಲು ಹತ್ತಬೇಕಾದರೆ ಇಂದು ಮೂರು ಪರೀಕ್ಷೆಗಳನ್ನು ದಾಟಬೇಕು. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತದೆ. ಮೂರನೆಯದು ಪ್ರವೇಶ ಪರೀಕ್ಷೆ. ಅದು ಸಿಇಟಿಯಾದರೆ ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು, ನೀಟ್ ಆದರೆ ದೆಹಲಿಯ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯದ್ದು. ಒಂದೂವರೆ ಶತಮಾನದಲ್ಲಿ ಈ ಹಾದಿ ಹಲವು ಸಲ ಬದಲಾಗಿದೆ. ಕಾಲೇಜುಗಳು ಪುಣೆಯಿಂದ ಧಾರವಾಡಕ್ಕೆ, ಧಾರವಾಡದಿಂದ ಹಾವೇರಿಗೆ ಬಂದವು. ಪರೀಕ್ಷೆಯ ಚುಕ್ಕಾಣಿ ಮಾತ್ರ ಮುಂಬಯಿಯಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಹೋಯಿತು.

ಮುಲ್ಕಿ ಮತ್ತು ಮೆಟ್ರಿಕ್

ಬ್ರಿಟಿಷರ ಕಾಲದಲ್ಲಿ ಈ ನಾಲ್ಕೂ ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಹಾನಗಲ್ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ತಾಲ್ಲೂಕು. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿಯಿದ್ದ ಊರಾದರೆ, ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರ. ಸವಣೂರು 1948ರವರೆಗೂ ನವಾಬರ ಸಂಸ್ಥಾನವಾಗಿತ್ತು.

ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೇ ಕೊನೆಯ ಹಂತ. ಮುಲ್ಕಿ ಪಾಸಾದವರಿಗೆ ಕನ್ನಡ ಶಾಲೆಯ ಮಾಸ್ತರಿಕೆಯಂಥ ನೌಕರಿ ಸಿಗುತ್ತಿತ್ತು. ಕಾಲೇಜಿಗೆ ಹೋಗಬೇಕೆನ್ನುವವರ ಹಾದಿಯೇ ಬೇರೆ: ಇಂಗ್ಲಿಷ್ ಶಾಲೆ, ಆಮೇಲೆ ಮೆಟ್ರಿಕ್. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ಮೊದಲ ಮೆಟ್ರಿಕ್ ಪರೀಕ್ಷೆ ನಡೆಸಿತು. ಅದು ಶಾಲೆ ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರದ ಪರೀಕ್ಷೆಯಲ್ಲ, ವಿಶ್ವವಿದ್ಯಾಲಯವೇ ತನ್ನ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳಲು ನಡೆಸುತ್ತಿದ್ದ ಪರೀಕ್ಷೆ. ಆ ಲೆಕ್ಕದಲ್ಲಿ ಈ ಭಾಗ ಕಂಡ ಮೊದಲ ಪ್ರವೇಶ ಪರೀಕ್ಷೆ ಮೆಟ್ರಿಕ್ಕೇ.

ಮೆಟ್ರಿಕ್ ಪಾಸಾದರೂ ಓದಲು ಪುಣೆ, ಮುಂಬಯಿಗಳಿಗೇ ಹೋಗಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಆ ದೂರ ತಗ್ಗಿತು. ಆ ಬದಲಾವಣೆಯ ಫಲ ಉಂಡವರಲ್ಲಿ ಒಬ್ಬರು ವಿನಾಯಕ ಕೃಷ್ಣ ಗೋಕಾಕ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಅವರು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಕಲಿತು, ಕರ್ನಾಟಕ ಕಾಲೇಜು ಸೇರಿ, ಮುಂದೆ ಆಕ್ಸ್‌ಫರ್ಡಿಗೆ ಹೋದರು. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಯಾವ ಸ್ಥಾನವಿರಬೇಕು ಎಂಬ ಪ್ರಶ್ನೆಗೆ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಆ ವರದಿಯ ಜಾರಿಗೆ 1982ರಲ್ಲಿ ನಾಡಿನುದ್ದಕ್ಕೂ ಚಳವಳಿ ನಡೆಯಿತು. ಎಸ್ಸೆಸ್ಸೆಲ್ಸಿಯಲ್ಲಿ ಇಂದು ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ ತಲಾ 100. ಆದರೆ ವೃತ್ತಿಶಿಕ್ಷಣದ ರ‍್ಯಾಂಕ್ ಲೆಕ್ಕ ಹಾಕುವಾಗ ಭಾಷೆಯ ಅಂಕಗಳು ಎಣಿಕೆಗೇ ಬರುವುದಿಲ್ಲ.

ಅಂಕಪಟ್ಟಿಯೇ ಪ್ರವೇಶಪತ್ರ

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಮರುವರ್ಷ ಧಾರವಾಡಕ್ಕೆ ಬಂತು. 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ರೂಪುಗೊಂಡಿತು. 1970ರ ದಶಕದ ಆರಂಭದಲ್ಲಿ ಹತ್ತನೇ ತರಗತಿಯ ನಂತರ ಎರಡು ವರ್ಷದ ಪಿಯುಸಿ ಬಂತು. ವೃತ್ತಿ ಕಾಲೇಜುಗಳೂ ಸಮೀಪದಲ್ಲೇ ತಲೆ ಎತ್ತಿದವು. ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಮತ್ತು ಧಾರವಾಡದ ಕೃಷಿ ಕಾಲೇಜು 1947ರಲ್ಲಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಲ್ಲಿ ಶುರುವಾದವು.

ಪಿಯುಸಿ ಅಂಕಪಟ್ಟಿಯೇ ಈ ಕಾಲೇಜುಗಳಿಗೆ ಪ್ರವೇಶಪತ್ರವಾಗಿತ್ತು. ಅಂಕ ಸಾಲದವರಿಗೆ ಖಾಸಗಿ ಕಾಲೇಜುಗಳು ಕ್ಯಾಪಿಟೇಶನ್ ಶುಲ್ಕದ ದಾರಿ ತೋರಿಸುತ್ತಿದ್ದವು. ಇದನ್ನು ತಡೆಯಲು ರಾಜ್ಯ ಸರ್ಕಾರ 1984ರಲ್ಲಿ ಕಾಯ್ದೆ ತಂದಿತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಶುಲ್ಕ ಕಾನೂನುಬಾಹಿರ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ವೃತ್ತಿ ಕಾಲೇಜುಗಳ ಸೀಟುಗಳನ್ನು ಉಚಿತ ಸೀಟು, ಪಾವತಿ ಸೀಟು ಎಂದು ವಿಂಗಡಿಸಿ, ಎರಡನ್ನೂ ಅರ್ಹತೆಯ ಮೇಲೆ ತುಂಬಲು ಹೇಳಿತು. ಅರ್ಹತೆಯನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುವ ವ್ಯವಸ್ಥೆ ಬೇಕಾಯಿತು. 1994ರಲ್ಲಿ ಸಿಇಟಿ ಘಟಕ ಹುಟ್ಟಿದ್ದು ಹೀಗೆ. ಅದೇ ಮುಂದೆ ಬೆಂಗಳೂರಿನ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರವಾಯಿತು.

ಸಿಇಟಿ ಮತ್ತು ಕಾಗದಪತ್ರ

ಸಿಇಟಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ ಪ್ರತಿಯೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಐಚ್ಛಿಕ ವಿಷಯಗಳ ಅಂಕ ಅರ್ಧ. ಕೋವಿಡ್ ಕಾರಣ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯದೆ ಸಿಇಟಿ ಅಂಕವನ್ನಷ್ಟೇ ಪರಿಗಣಿಸಲಾಯಿತು. ಮರುವರ್ಷ ಪುನಃ ಪರೀಕ್ಷೆ ಬರೆದವರ ಪಿಯುಸಿ ಅಂಕಗಳನ್ನು ಬಿಟ್ಟಿದ್ದರಿಂದ ವಿವಾದ ಹೈಕೋರ್ಟಿನವರೆಗೆ ಹೋಯಿತು.

ರ‍್ಯಾಂಕಿನಷ್ಟೇ ತೂಕ ಮೀಸಲಾತಿಗೂ ಇದೆ. ಜಾತಿ ಆಧಾರದ ಮೀಸಲಾತಿಯ ಒಳಗೇ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಸೀಟುಗಳಿವೆ. ಒಂದರಿಂದ ಹತ್ತನೇ ತರಗತಿಯವರೆಗೂ, ಒಂದು ವರ್ಷವೂ ತಪ್ಪದಂತೆ, ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು ಎಂಬುದು ಷರತ್ತು. ಅದನ್ನು ತೋರಿಸುವುದು ವ್ಯಾಸಂಗ ಪ್ರಮಾಣಪತ್ರ. ಯಾವ ತರಗತಿ, ಯಾವ ವರ್ಷ, ಯಾವ ಊರಿನ ಶಾಲೆ, ಯಾವ ಮಾಧ್ಯಮ ಎಂಬುದನ್ನು ಮುಖ್ಯ ಶಿಕ್ಷಕರು ದಾಖಲಿಸಿ ಸಹಿ ಮಾಡಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುಸಹಿ ಹಾಕಬೇಕು. ಪ್ರಾಥಮಿಕ ಶಾಲೆ ಒಂದೂರಲ್ಲಿ, ಪ್ರೌಢಶಾಲೆ ಇನ್ನೊಂದೂರಲ್ಲಿ ಆದವರು ಎರಡೂ ಕಡೆ ತಿರುಗಬೇಕು. ಜಾತಿ, ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ನಮೂದಿಸಬೇಕು.

ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕೆಂಬ ಷರತ್ತು ಈ ನಾಲ್ಕು ತಾಲ್ಲೂಕುಗಳಲ್ಲಿ ವಿಚಿತ್ರ ಫಲ ಕೊಡುತ್ತದೆ. ಹಾನಗಲ್, ಸವಣೂರು, ಶಿಗ್ಗಾವಿ ಪುರಸಭೆಗಳು, ಹಿರೇಕೆರೂರು ಪಟ್ಟಣ ಪಂಚಾಯಿತಿ. ನಿಯಮದ ಕಣ್ಣಿಗೆ ಇವು ಗ್ರಾಮೀಣ ಪ್ರದೇಶವಲ್ಲ. ಊರಲ್ಲಿ ಏಳನೇ ತರಗತಿ ಮುಗಿಸಿ, ಒಳ್ಳೆಯ ಶಾಲೆಯೆಂದು ದಿನವೂ ಬಸ್ಸು ಹತ್ತಿ ತಾಲ್ಲೂಕು ಕೇಂದ್ರದ ಪ್ರೌಢಶಾಲೆಗೆ ಹೋದ ರೈತನ ಮಗಳು ಗ್ರಾಮೀಣ ಕೋಟಾ ಕಳೆದುಕೊಳ್ಳುತ್ತಾಳೆ. ಹಳ್ಳಿಯ ಪ್ರೌಢಶಾಲೆಯಲ್ಲೇ ಉಳಿದ ಅವಳ ಓರಗೆಯವಳಿಗೆ ಅದು ಸಿಗುತ್ತದೆ. ಎಂಟನೇ ತರಗತಿಗೆ ಹೆಸರು ಹಚ್ಚುವಾಗ ಕೈಗೊಂಡ ತೀರ್ಮಾನ ನಾಲ್ಕೈದು ವರ್ಷಗಳ ನಂತರ ಸೀಟು ಹಂಚಿಕೆಯಲ್ಲಿ ಎದುರಾಗುತ್ತದೆ. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ 371(ಜೆ) ವಿಧಿಯಡಿ ಪ್ರತ್ಯೇಕ ಮೀಸಲಾತಿ ಇದೆ. ಕಿತ್ತೂರು ಕರ್ನಾಟಕಕ್ಕೆ ಸೇರಿದ ಹಾವೇರಿಗೆ ಆ ಸೌಲಭ್ಯವಿಲ್ಲ.

ಹಿಂದೆ ಕೌನ್ಸೆಲಿಂಗಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಈಗ ಆನ್‌ಲೈನಿನಲ್ಲೇ ಆಪ್ಶನ್ ಎಂಟ್ರಿ. ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯಂತೆ ಪಟ್ಟಿ ಮಾಡಬೇಕು. ಸೀಟು ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದೇ, ಒಪ್ಪಿಯೂ ಮುಂದಿನ ಸುತ್ತಿಗೆ ಕಾಯುವುದೇ, ಒಪ್ಪದೆ ಕಾಯುವುದೇ, ಪೂರ್ತಿ ಹೊರಬರುವುದೇ ಎಂಬ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದಿದ್ದರೆ ಈ ಆಯ್ಕೆ ಪರೀಕ್ಷೆಗಿಂತ ಕಠಿಣ.

ನೀಟ್ ಬಂದ ಮೇಲೆ

ವೈದ್ಯಕೀಯ ಸೀಟಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಎಂಬ ನೀಟ್ 2013ರಲ್ಲಿ ಮೊದಲ ಸಲ ನಡೆಯಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, 2016ರಲ್ಲಿ ಆ ತೀರ್ಪನ್ನು ಹಿಂಪಡೆಯಿತು. 2017ರಿಂದ ಕನ್ನಡದಲ್ಲೂ ನೀಟ್ ಬರೆಯುವ ಅವಕಾಶವಿದೆ. 2024ರ ಜುಲೈನಲ್ಲಿ ನೀಟ್ ವಿರುದ್ಧ ರಾಜ್ಯ ವಿಧಾನಮಂಡಲ ನಿರ್ಣಯ ಅಂಗೀಕರಿಸಿದರೂ ಪರೀಕ್ಷೆ ಮುಂದುವರಿದಿದೆ.

ನೀಟ್‌ನಲ್ಲಿ ಒಟ್ಟು 720 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ. ಪಿಯುಸಿ ಅಂಕಕ್ಕೆ ರ‍್ಯಾಂಕಿನಲ್ಲಿ ಬೆಲೆಯಿಲ್ಲ. ಹಾಗಾಗಿ ಪಿಯು ತರಗತಿಯ ಪಾಠ ಹಿಂದೆ ಸರಿದು ಕೋಚಿಂಗ್ ಮುಂದೆ ಬಂತು. ಹಣವಿದ್ದವರು ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮಕ್ಕಳನ್ನು ಧಾರವಾಡ, ದಾವಣಗೆರೆ, ಮೂಡುಬಿದಿರೆಯ ವಸತಿ ಕಾಲೇಜುಗಳಿಗೆ ಕಳಿಸುತ್ತಾರೆ. ಉಳಿದವರಿಗಾಗಿ ಸರ್ಕಾರ 2020ರ ಲಾಕ್‌ಡೌನ್ ವೇಳೆ ‘ಗೆಟ್‌ಸೆಟ್‌ಗೋ’ ಎಂಬ ಉಚಿತ ಆನ್‌ಲೈನ್ ತರಬೇತಿ ತಂದಿತು.

ಬೇರೆ ಬಾಗಿಲುಗಳು

ಸಿಇಟಿ, ನೀಟ್ ಬರೆಯದೆಯೇ ಮುಂದೆ ಓದುವ ದಾರಿಗಳೂ ಇವೆ. ಕಲೆ, ವಾಣಿಜ್ಯ ಓದಿದವರು ಪಿಯುಸಿ ಅಂಕದ ಮೇಲೆ ಪದವಿ ಕಾಲೇಜು ಸೇರುತ್ತಾರೆ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಡಿಪ್ಲೊಮಾ ಸೇರಿ, ಮುಗಿದ ಮೇಲೆ ಡಿಪ್ಲೊಮಾದವರಿಗಾಗಿಯೇ ಇರುವ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಪ್ರವೇಶ ಸಿಗುತ್ತದೆ.

ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ತಹಶೀಲ್ದಾರರ ಪ್ರಮಾಣಪತ್ರದ ಜೊತೆಗೆ ಪ್ರಾಯೋಗಿಕ ಪರೀಕ್ಷೆಗೂ ಕೂರಬೇಕು. ಬೀಜ, ಗಿಡ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವುದೇ ಅಲ್ಲಿಯ ಕೆಲಸ. ಗೋವಿನಜೋಳ, ಹತ್ತಿ, ಶೇಂಗಾದ ಹೊಲದಲ್ಲಿ ಬೆಳೆದ, ಕೂರಿಗೆ-ಕುಂಟೆಗಳ ವ್ಯತ್ಯಾಸ ಬಲ್ಲ ಮಕ್ಕಳಿಗೆ ಮನೆಯ ಅನುಭವವೇ ಅಂಕವಾಗುವ ಪ್ರವೇಶ ಪರೀಕ್ಷೆ ಇದೊಂದೇ.

ಜಿಲ್ಲೆಗೇ ಬಂದ ಕಾಲೇಜುಗಳು

1997ರಲ್ಲಿ ಹಾವೇರಿ ಜಿಲ್ಲೆಯಾದ ನಂತರ ಉನ್ನತ ಶಿಕ್ಷಣ ಇಲ್ಲಿಯೇ ಬೆಳೆಯತೊಡಗಿತು. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಲ್ಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ 2011ರಲ್ಲಿ ಬಂದವು. ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ದೇವಿಹೊಸೂರಿನಲ್ಲಿ ತೋಟಗಾರಿಕೆ ಎಂಜಿನಿಯರಿಂಗ್ ಕಾಲೇಜು ಇವೆ. 2022ರಲ್ಲಿ 150 ಸೀಟುಗಳೊಂದಿಗೆ ವೈದ್ಯಕೀಯ ಕಾಲೇಜು ಶುರುವಾದರೆ, ಮರುವರ್ಷ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಆರಂಭವಾಯಿತು.

ಕಾಲೇಜು ಜಿಲ್ಲೆಯದ್ದಾದರೂ ಸೀಟು ಜಿಲ್ಲೆಯದ್ದಲ್ಲ. ಹಾವೇರಿ ವೈದ್ಯಕೀಯ ಕಾಲೇಜಿನ ಶೇ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಉಳಿದವು ನೀಟ್ ರ‍್ಯಾಂಕಿನಂತೆ ಇಡೀ ರಾಜ್ಯದ ಅಭ್ಯರ್ಥಿಗಳಿಗೆ ತೆರೆದಿವೆ. ಸವಣೂರಿನ ವಿದ್ಯಾರ್ಥಿ ತನ್ನ ಜಿಲ್ಲೆಯ ಕಾಲೇಜಿಗೆ ಅರ್ಜಿ ಹಾಕುವಾಗಲೂ ಬೆಂಗಳೂರು, ಮಂಗಳೂರಿನ ವಿದ್ಯಾರ್ಥಿಗಳ ಜೊತೆಗೇ ಸ್ಪರ್ಧಿಸಬೇಕು. ಕಾಲೇಜು ಹತ್ತಿರ ಬಂದದ್ದರಿಂದ ಪ್ರಯಾಣ, ವಸತಿಯ ಖರ್ಚು ತಗ್ಗಿದೆ. ಸೀಟು ಸಿಗುವುದು ಮಾತ್ರ ತಾಲ್ಲೂಕಿನ ಪಿಯು ಕಾಲೇಜಿನಲ್ಲಿ ವಿಜ್ಞಾನದ ಪಾಠ ಎಷ್ಟು ಗಟ್ಟಿಯಾಗಿ ನಡೆಯುತ್ತದೆ ಎಂಬುದನ್ನೇ ನೆಚ್ಚಿಕೊಂಡಿದೆ.