ಶೀತಯಂತ್ರದ ಅನಿಲ: ಒಂದು ರೂಢಿಯ ಮಾತೂ ಐರೋಪ್ಯ ಶಾಸನವೂ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಮಳೆ ಕಡಮೆಯಾದ, ಬಿಸಿಲು ಬಲವಾದ ಬಯಲುಸೀಮೆಗೆ ಸೇರಿದುವು. ಇಲ್ಲಿ ತಂಪೆಂಬುದು ಕೇವಲ ಭೋಗದ ವಸ್ತುವಲ್ಲ. ಕರೆದ ಹಾಲನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್ಸಿನಷ್ಟಕ್ಕೆ ತಣಿಸದಿದ್ದರೆ ಅದು ಕೆಡುವುದು. ಮಕ್ಕಳಿಗೆ ಹಾಕುವ ಲಸಿಕೆಗಳಲ್ಲಿ ಹೆಚ್ಚಿನವು 2ರಿಂದ 8 ಡಿಗ್ರಿಗಳ ನಡುವೆ ಇರದಿದ್ದರೆ ಶಕ್ತಿಗುಂದುವುವು. ಹೆಸರುವಾಸಿಯಾದ ಹಡಗಲಿಯ ಮಲ್ಲಿಗೆಯೂ ಬಿಸಿಲೇರಿದಂತೆ ಬಾಡುವುದು. ಆದುದರಿಂದ ಹಾಲಿನ ಸಂಘದಲ್ಲಿಯೂ ಆಸ್ಪತ್ರೆಯಲ್ಲಿಯೂ ಅಂಗಡಿಯಲ್ಲಿಯೂ ಶೀತಯಂತ್ರವು ನಿತ್ಯದ ಉಪಕರಣವಾಗಿದೆ.

ಈ ಯಂತ್ರವು ತಂಪು ಕೊಡದಾದಾಗ ಜನರು ಆಡುವ ಮಾತೊಂದುಂಟು: “ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು.” ಅಡುಗೆಯ ಒಲೆಗೂ ಇದೇ ಮಾತು ಸಲ್ಲುತ್ತದೆ. ಆದರೆ ಒಲೆಯ ವಿಷಯದಲ್ಲಿ ನಿಜವಾದುದು ಶೀತಯಂತ್ರದ ವಿಷಯದಲ್ಲಿ ನಿಜವಲ್ಲ. ಒಲೆಯ ಅನಿಲವು ಉರಿದು ಮುಗಿಯುವುದು; ಶೀತಯಂತ್ರದ ಅನಿಲವು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಒಂದೇ ಮಾತು ಎರಡು ಭಿನ್ನ ಸಂಗತಿಗಳನ್ನು ಮುಚ್ಚಿಕೊಂಡಿರುವುದರಿಂದ ಹುಟ್ಟಿದ ಭ್ರಮೆ ಎಷ್ಟು ದೊಡ್ಡದೆಂಬುದು ಯೂರೋಪಿನ ಒಂದು ಶಾಸನವನ್ನು ಪರಿಶೀಲಿಸಿದರೆ ಸ್ಪಷ್ಟವಾಗುವುದು.

ಯಂತ್ರದ ಕಾರ್ಯಕ್ರಮ ಸರಳವಾದುದು. ಸಂಕೋಚಕವು ಅನಿಲವನ್ನು ಒತ್ತಿ ಬಿಸಿಮಾಡುತ್ತದೆ; ಹೊರಗಿನ ಕೊಳವೆಗಳಲ್ಲಿ ಅದು ಶಾಖವನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ; ಕಿರಿದಾದ ದ್ವಾರವೊಂದನ್ನು ದಾಟಿ ಒತ್ತಡ ಇಳಿದ ಕೂಡಲೆ ಒಳಗಿನ ಕೊಳವೆಗಳಲ್ಲಿ ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರುತ್ತದೆ; ಮರಳಿ ಸಂಕೋಚಕವನ್ನು ಸೇರುತ್ತದೆ. ದೇಹದಲ್ಲಿ ರಕ್ತವು ಹೇಗೋ ಹಾಗೆ ಈ ದ್ರವ್ಯವು ಮುಚ್ಚಿದ ದಾರಿಯಲ್ಲಿ ಸುತ್ತುತ್ತಿರುವುದು. ಅದು ಕಡಮೆಯಾಯಿತೆಂದರೆ ಎಲ್ಲಿಯೋ ಸೋರಿತೆಂದೇ ಅರ್ಥ. ಸೋರಿದ ಸ್ಥಳವನ್ನು ಹುಡುಕದೆ ಮತ್ತೆ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಸೋರಿದುದು ಎಲ್ಲಿಗೆ ಹೋಗುವುದೆಂಬುದು ಮುಂದಿನ ಪ್ರಶ್ನೆ. ಆರಂಭಕಾಲದ ಯಂತ್ರಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಮೊದಲಾದ ವಿಷಕಾರಕ ದ್ರವ್ಯಗಳಿದ್ದುವು. 1930ರ ಸುಮಾರಿಗೆ ಅಮೆರಿಕದ ಥಾಮಸ್ ಮಿಡ್ಗ್ಲೆ ಮತ್ತು ಸಂಗಡಿಗರು ಕ್ಲೋರೋಫ್ಲೂರೋಕಾರ್ಬನ್ನುಗಳನ್ನು ಬಳಕೆಗೆ ತಂದರು. ಇವು ಉರಿಯದ, ವಿಷವಲ್ಲದ ದ್ರವ್ಯಗಳು. ಆದರೆ ಇವು ಮೇಲಣ ವಾಯುಮಂಡಲದ ಓಝೋನನ್ನು ನಾಶಮಾಡಬಲ್ಲುವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅವುಗಳನ್ನು ಕ್ರಮೇಣ ತ್ಯಜಿಸಲಾಯಿತು. ಅವುಗಳ ಎಡೆಗೆ ಬಂದ ಹೈಡ್ರೋಫ್ಲೂರೋಕಾರ್ಬನ್ನುಗಳು ಓಝೋನಿಗೆ ಕೇಡು ಮಾಡವು. ಭೂಮಿಯ ಶಾಖವನ್ನು ಮಾತ್ರ ಬಲವಾಗಿ ಹಿಡಿದಿಡುವುವು. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಆರ್-134ಎ ಎಂಬ ಅನಿಲದ ಒಂದು ಕಿಲೋಗ್ರಾಮು 1,430 ಕಿಲೋಗ್ರಾಮು ಇಂಗಾಲದ ಡೈಆಕ್ಸೈಡಿಗೆ ಸಮಾನ. ಆರ್-404ಎ ಎಂಬುದರ ಒಂದು ಕಿಲೋಗ್ರಾಮು 3,922 ಕಿಲೋಗ್ರಾಮಿಗೆ ಸಮಾನ.

ಯೂರೋಪಿನ ಒಕ್ಕೂಟವು ಈ ಅನಿಲಗಳನ್ನು ಕುರಿತು 2006ರಲ್ಲಿ ಮೊದಲ ಶಾಸನವನ್ನೂ 2014ರಲ್ಲಿ ಎರಡನೆಯದನ್ನೂ 2024ರಲ್ಲಿ ಮೂರನೆಯದನ್ನೂ ರಚಿಸಿತು. ಅದರಲ್ಲಿ ಎರಡು ಅಂಶಗಳು ವಿಶೇಷವಾಗಿ ಗಮನಾರ್ಹವಾಗಿವೆ. ಮೊದಲನೆಯದು, ಹೊಣೆ ಯಾರದೆಂಬುದು. ಯಂತ್ರದ ಕಾರ್ಯವು ವಾಸ್ತವವಾಗಿ ಯಾರ ಹತೋಟಿಯಲ್ಲಿದೆಯೋ ಆತನೇ ನಿರ್ವಾಹಕ. ಹೊಣೆ ಆತನದೇ ಹೊರತು ಆಗಾಗ ಬಂದುಹೋಗುವ ಕೆಲಸಗಾರನದು ಮಾತ್ರವಲ್ಲ. ಎರಡನೆಯದು, ಅಳತೆ ಯಾವುದೆಂಬುದು. ಈ ಜಾತಿಯ ಅನಿಲಗಳನ್ನು ಬರಿಯ ತೂಕದಿಂದ ಅಳೆಯದೆ, ಅವುಗಳ ತಾಪಕಾರಕ ಶಕ್ತಿಯಿಂದ ಅಳೆಯಲಾಗುವುದು. 5 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲವುಳ್ಳ ಯಂತ್ರವನ್ನು ವರ್ಷಕ್ಕೊಮ್ಮೆಯೂ, 50 ಟನ್ನಿನದನ್ನು ಆರು ತಿಂಗಳಿಗೊಮ್ಮೆಯೂ, 500 ಟನ್ನಿನದನ್ನು ಮೂರು ತಿಂಗಳಿಗೊಮ್ಮೆಯೂ ಸೋರಿಕೆಗಾಗಿ ಪರೀಕ್ಷಿಸತಕ್ಕದ್ದು. ಸೋರಿಕೆಯನ್ನು ತಾನೇ ಅರಿತು ತಿಳಿಸುವ ಸಾಧನವಿದ್ದರೆ ಈ ಅವಧಿಗಳು ಇಮ್ಮಡಿಯಾಗುವುವು. ಈ ಲೆಕ್ಕದಂತೆ ಆರ್-134ಎ ಸುಮಾರು ಮೂರೂವರೆ ಕಿಲೋಗ್ರಾಮಿದ್ದರೆ ಮೊದಲ ಮಿತಿ ಮುಟ್ಟಿತು. ಆರ್-404ಎ ಒಂದೂಕಾಲು ಕಿಲೋಗ್ರಾಮಿಗೆ ತುಸು ಮೇಲಿದ್ದರೆ ಸಾಕು. ಕೆಲವು ನೂರು ಗ್ರಾಮೂ ತುಂಬದ ಮನೆಯ ಪೆಟ್ಟಿಗೆಗೆ ಈ ಪರೀಕ್ಷೆಯ ಬಾಧ್ಯತೆ ಇಲ್ಲ.

ಸೋರಿಕೆ ಕಂಡುಬಂದರೆ ವಿಳಂಬವಿಲ್ಲದೆ ದುರಸ್ತಿಮಾಡಿಸತಕ್ಕದ್ದು. ದುರಸ್ತಿಯಾದ ಒಂದು ತಿಂಗಳೊಳಗೆ ಅರ್ಹತಾಪತ್ರವುಳ್ಳವನಿಂದ ಮತ್ತೊಮ್ಮೆ ಪರೀಕ್ಷಿಸಿಸತಕ್ಕದ್ದು. ತುಂಬಿದ ಅನಿಲವೆಷ್ಟು, ಹೊರತೆಗೆದುದೆಷ್ಟು, ಪರೀಕ್ಷೆಯ ದಿನ ಯಾವುದು ಎಂಬುದನ್ನೆಲ್ಲ ಬರೆದು ಐದು ವರ್ಷ ಕಾಪಾಡತಕ್ಕದ್ದು. ಶಾಸನದ ತಿರುಳು ಈ ಪುಸ್ತಕದಲ್ಲಿಯೇ ಅಡಗಿದೆ. ಒಂದೇ ಯಂತ್ರಕ್ಕೆ ಮೇಲಿಂದ ಮೇಲೆ ಅನಿಲ ತುಂಬಿಸಿದುದು ಬರೆಹದಲ್ಲಿ ಮೂಡಿದರೆ, ಅದು ಖರ್ಚಿನ ಲೆಕ್ಕವಾಗಿ ಉಳಿಯದೆ ದೋಷದ ಸಾಕ್ಷಿಯಾಗುವುದು.

ಈ ಶಾಸನವು ಭಾರತಕ್ಕೆ ಅನ್ವಯಿಸುವುದಿಲ್ಲ. ಆದರೆ ಅದರ ಹಿನ್ನೆಲೆಯಲ್ಲಿರುವ ವಿಚಾರದಿಂದ ಭಾರತವು ಹೊರತಲ್ಲ. 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ದೇಶವು, ಹೈಡ್ರೋಫ್ಲೂರೋಕಾರ್ಬನ್ನುಗಳನ್ನು ಇಳಿಸುವ 2016ರ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅನುಮೋದಿಸಿತು. ಅದರಂತೆ 2028ರಲ್ಲಿ ಇವುಗಳ ಪ್ರಮಾಣಕ್ಕೆ ಮಿತಿ ಬೀಳುವುದು. 2032ರಲ್ಲಿ ಶೇಕಡ 10ರಷ್ಟೂ, 2047ರಲ್ಲಿ ಶೇಕಡ 85ರಷ್ಟೂ ಇಳಿಕೆಯಾಗಬೇಕು. ಗೃಹಬಳಕೆಯ ಹೊಸ ಪೆಟ್ಟಿಗೆಗಳಲ್ಲಿ ಐಸೋಬ್ಯೂಟೇನ್ ಬಹಳವಾಗಿ ಬಂದಿದೆ. ದೊಡ್ಡ ಶೀತಲಗೃಹಗಳಲ್ಲಿ ಅಮೋನಿಯದ ಬಳಕೆಯುಂಟು. ಇವುಗಳ ತಾಪಕಾರಕ ಶಕ್ತಿ ಅತ್ಯಲ್ಪ. ಆದರೆ ಐಸೋಬ್ಯೂಟೇನ್ ಉರಿಯುವಂಥದು, ಅಮೋನಿಯ ವಿಷಕಾರಕ. ಆದುದರಿಂದ ಅನಿಲ ಯಾವುದೇ ಆಗಲಿ, ಸೋರಿಕೆಯನ್ನು ಅಲಕ್ಷಿಸುವಂತಿಲ್ಲ.

ಐದು ತಾಲ್ಲೂಕುಗಳ ಸಂಘಗಳಿಗೂ ಅಂಗಡಿಗಳಿಗೂ ಇದರಿಂದ ತಿಳಿಯತಕ್ಕದ್ದು ದೂರದ ವಿಷಯವಲ್ಲ. ಅನಿಲ ಕುಂದಿದ ಯಂತ್ರವು ಹೆಚ್ಚು ಹೊತ್ತು ಓಡಿ ಹೆಚ್ಚು ವಿದ್ಯುತ್ತನ್ನು ನುಂಗುವುದು. ಆದರೂ ಹಾಲನ್ನು ತಕ್ಕಷ್ಟು ತಣಿಸದು. ಕೆಟ್ಟ ಹಾಲಿನ ನಷ್ಟ ಈ ವಾರದ್ದು, ಸೋರಿದ ಅನಿಲದ ತಾಪ ಮುಂದಿನ ತಲೆಮಾರಿನದು. ಎರಡಕ್ಕೂ ಕಾರಣ ಒಂದೇ ರಂಧ್ರ. ಕೆರೆಗಳ ನೀರನ್ನು ನಂಬಿ ಬದುಕಿದ ಈ ಸೀಮೆಯವರಿಗೆ ಏರಿಯ ಸೋರಿಕೆಯನ್ನು ಮಳೆಗೆ ಮುಂಚೆ ನೋಡಿಕೊಳ್ಳಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಅದೇ ವಿವೇಕವನ್ನು ಶೀತಯಂತ್ರಕ್ಕೂ ಸಲ್ಲಿಸಬೇಕಾಗಿದೆ. ಅದಕ್ಕೆ ಮೊದಲು ಮಾತು ತಿದ್ದಬೇಕು: “ಗ್ಯಾಸ್ ಖಾಲಿಯಾಗಿದೆ” ಎನ್ನುವ ಬದಲು “ಗ್ಯಾಸ್ ಸೋರಿದೆ” ಎಂದರೆ, “ಎಲ್ಲಿ?” ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುವುದು.