ನರದ ಮರುಬೆಳವಣಿಗೆಯೂ ಮುದ್ರಿತ ಹಂದರವೂ: ಒಂದು ಐತಿಹಾಸಿಕ ಅವಲೋಕನ

ಕಡಿದುಹೋದ ನರವು ಮರಳಿ ಬೆಳೆಯುವಂತೆ ಮಾಡಲು, ದೇಹದಲ್ಲಿಯೇ ಕಾಲಕ್ರಮೇಣ ಕರಗಿಹೋಗುವ ಹಂದರವನ್ನು ಯಂತ್ರದಿಂದ ಮುದ್ರಿಸಿ ಒದಗಿಸುವ ಪ್ರಯೋಗಗಳು ಈಚೆಗೆ ನಡೆದಿವೆ. ಇದು ಕೇವಲ ನಮ್ಮ ಕಾಲದ ಕಲ್ಪನೆಯೆಂದು ತೋರುವುದು ಸಹಜ. ಆದರೆ ಇದರ ಮೂಲತತ್ತ್ವವು ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಆ ಬೆಳವಣಿಗೆಯನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಬಯಸುತ್ತೇವೆ.

1850ರಲ್ಲಿ ಆಂಗ್ಲ ವಿದ್ವಾಂಸ ಅಗಸ್ಟಸ್ ವಾಲರನು ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ, ಮೂಲಕೋಶದಿಂದ ಬೇರ್ಪಟ್ಟ ಭಾಗವು ನಶಿಸುವುದನ್ನು ತೋರಿಸಿದನು. ನಾಶದ ಅನಂತರ ಮೂಲದ ಕಡೆಯ ತುದಿಯಿಂದ ಹೊಸ ತಂತುಗಳು ಹೊರಡುವ ಬಗೆಯನ್ನು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲನು 1913-14ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ವರ್ಣಿಸಿದನು. ಮನುಷ್ಯನಲ್ಲಿ ಈ ತಂತುಗಳು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತವೆ. ತೋಳಿನಲ್ಲಿ ಕಡಿದ ನರವು 30 ಸೆಂಟಿಮೀಟರು ಕ್ರಮಿಸಬೇಕಾದರೆ ಹೆಚ್ಚುಕಡಮೆ 300 ದಿನಗಳು ಬೇಕು. ಅಷ್ಟರಲ್ಲಿ ಪ್ರೇರಣೆಯಿಲ್ಲದ ಸ್ನಾಯುವು ಸೊರಗುತ್ತಿರುತ್ತದೆ.

ಕಡಿದ ತುದಿಗಳು ಹತ್ತಿರವಿದ್ದರೆ ಹೊಲಿಗೆ ಸಾಕು. ನಡುವೆ ತೆರಪು ಹೆಚ್ಚಾಗಿದ್ದರೆ ರೋಗಿಯ ಕಾಲಿನಿಂದಲೇ ಸ್ಪರ್ಶನರವೊಂದನ್ನು ತೆಗೆದು ಜೋಡಿಸುವುದು ರೂಢಿ. ಇದರಿಂದ ಪಾದದ ಹೊರಬದಿಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ. ಈ ನಷ್ಟವಿಲ್ಲದೆ ತಂತುಗಳಿಗೆ ದಾರಿಯೊದಗಿಸುವುದು ಹೇಗೆ? ಬೆಲ್ಜಿಯಮಿನ ವಾನ್‌ಲೇರನು 1882ರಲ್ಲಿ, ಸುಣ್ಣದ ಅಂಶವನ್ನು ತೆಗೆದ ಮೂಳೆಯ ಕೊಳವೆಯೊಂದನ್ನು ನಾಯಿಯ ತೊಡೆಯ ನರದ 3 ಸೆಂಟಿಮೀಟರು ತೆರಪಿಗೆ ಜೋಡಿಸಿ ನೋಡಿದನು. ಮುಂದೆ ಅನೇಕ ಪದಾರ್ಥಗಳ ಪರೀಕ್ಷೆ ನಡೆಯಿತು. ಸಿಲಿಕೋನಿನ ಕೊಳವೆ ಕರಗದು. ಕೆಲವೊಮ್ಮೆ ಅದನ್ನು ಮತ್ತೊಂದು ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗುತ್ತದೆ. 1990ರಲ್ಲಿ ಮೆಕಿನನ್ ಮತ್ತು ಡೆಲನ್ ಎಂಬ ಶಸ್ತ್ರವೈದ್ಯರು, ಕರಗುವ ಪಾಲಿಗ್ಲೈಕಾಲಿಕ್ ಆಮ್ಲದ ಕೊಳವೆಯನ್ನು ರೋಗಿಗಳ ಕೈಯ ಸ್ಪರ್ಶನರಗಳಲ್ಲಿ ಬಳಸಿದ ಫಲಿತಾಂಶವನ್ನು ಪ್ರಕಟಿಸಿದರು. ಆದರೆ ಇಂತಹ ಟೊಳ್ಳುಕೊಳವೆಗಳ ಉಪಯೋಗ ಸುಮಾರು 3 ಸೆಂಟಿಮೀಟರಿಗೇ ಸೀಮಿತ.

ಮುದ್ರಣವು ಇದಕ್ಕೆ ಸೇರಿಸಿದುದು ಆಕಾರದ ಸ್ವಾತಂತ್ರ್ಯವನ್ನು. ನರವು ಕವಲೊಡೆಯುವಲ್ಲಿ ಹಂದರವೂ ಕವಲೊಡೆಯಬಹುದು. ಒಳಗೆ ಸಮಾನಾಂತರವಾದ ಸೂಕ್ಷ್ಮನಾಳಗಳನ್ನು ರಚಿಸಬಹುದು. 2015ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ನರದ ಕವಲಿಗೆ ಹೊಂದುವ ಮಾರ್ಗವನ್ನು ಮುದ್ರಿಸಿದರು. ಅದು ಕರಗದ ಸಿಲಿಕೋನಿನದು. ಪ್ರೌಢ ಸಸ್ತನಿಗಳ ಬೆನ್ನುಹುರಿಯ ತಂತುಗಳು ತಾವಾಗಿಯೇ ಮರಳಿ ಬೆಳೆಯುವುದು ತೀರ ವಿರಳವಾದುದರಿಂದ ಅಲ್ಲಿಯ ಸಮಸ್ಯೆ ಇನ್ನೂ ಜಟಿಲ. 2019ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು, 1.6 ಸೆಕೆಂಡುಗಳಲ್ಲಿ ಮುದ್ರಿಸಿದ 2 ಮಿಲಿಮೀಟರಿನ ಹಂದರದಲ್ಲಿ ನರಮೂಲಕೋಶಗಳನ್ನು ತುಂಬಿ ಇಲಿಗಳ ಬೆನ್ನುಹುರಿಯಲ್ಲಿಟ್ಟರು. ಹಿಂಗಾಲುಗಳ ಚಲನೆಯಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದಿತು.

ಹಂದರವು ಬೇಗ ಕರಗಿದರೆ ಮಾರ್ಗವೇ ಕುಸಿಯುತ್ತದೆ. ತಡವಾಗಿ ಕರಗಿದರೆ ಬೆಳೆದ ನರವನ್ನು ಅದುಮಬಹುದು. ಇಲಿಯ ದೇಹದಲ್ಲಿ ಸಾಧಿಸಿದ ಅಂತರಕ್ಕೂ ಮನುಷ್ಯನ ತೋಳಿನ ಉದ್ದಕ್ಕೂ ಸಾಮ್ಯವಿಲ್ಲ. ವಾನ್‌ಲೇರನ ನಾಯಿಗೂ 1990ರ ವರದಿಗೂ ನಡುವೆ 108 ವರ್ಷಗಳು ಕಳೆದಿವೆಯೆಂಬುದನ್ನು ಮರೆಯಲಾಗದು. ಆದಕಾರಣ ಪ್ರಯೋಗಶಾಲೆಯ ವಾರ್ತೆಯನ್ನು ನೆಚ್ಚಿ, ಇಂದು ಲಭ್ಯವಿರುವ ನರಜೋಡಣೆಯನ್ನು ಗಾಯಾಳುವು ಮುಂದೂಡುವುದು ಸಲ್ಲದು. ಸೊರಗುತ್ತಿರುವ ಸ್ನಾಯುವಿಗೆ ಅಷ್ಟು ಕಾಲಾವಕಾಶವಿಲ್ಲವೆಂಬುದು ನಮ್ಮ ಅಭಿಪ್ರಾಯ.